ದುಂಡಪ್ಪನ ಊರಿನ ಅಗಸಿ

ಬರ್ರಿ, ಸರದು ಕೂಡ್ರಿ. ಕತಿ ಹೇಳಾಂವ ನಾನು, ಹೂಂ ಅನ್ನಾವ್ರು ನೀವು. ನಗು ಬಂದ್ರ ನಗ್ರಿ, ಆದ್ರ ದುಂಡಪ್ಪನ್ನ ಬೈಬ್ಯಾಡ್ರಿ. ಅವನ್ನ ಬೈಯಾಕ ಅವರವ್ವ ಒಬ್ಬಾಕಿನ ಸಾಕು.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡ್ ಹಿಂದ ನೀಲಗಂಗವ್ವ ಅಂತ ಒಬ್ಬಾಕಿ ಖಾನಾವಳಿ ನಡಸ್ತಿದ್ಲು. ಅಕಿ ರೊಟ್ಟಿ ಬಡದ್ರ ಓಣಿಗೆಲ್ಲಾ ಸಪ್ಪಳ. ಗಂಡ ತೀರಿಕೊಂಡಿದ್ದ. ಮಗಳು ಕಸ್ತೂರಿನ್ನ ಸೊಲ್ಲಾಪುರಕ್ಕ ಕೊಟ್ಟಿದ್ಲು. ಮಗ ದುಂಡಪ್ಪ ಮನ್ಯಾಗ ಇದ್ದ. ಮೀಸಿ ಬಂದಿತ್ತು, ಬುದ್ಧಿ ಇನ್ನೂ ದಾರ್ಯಾಗ ಇತ್ತು.

ಕೆಟ್ಟಾಂವಲ್ಲ. ಸುಳ್ಳು ಹೇಳಾಂವಲ್ಲ. ಹೇಳಿದ ಮಾತು ಮೀರಾಂವಲ್ಲ. ಅದ ನೋಡ್ರಿ ತ್ರಾಸು! "ನೀರು ನೋಡ್ಕೋ" ಅಂದ್ರ ಕೊಡದ ಮುಂದ ಕುಂತು ನೀರು ನೋಡಾಂವ. "ಒಲಿ ಮ್ಯಾಲ ಕಣ್ಣಿಡು" ಅಂದ್ರ, "ಕಣ್ಣು ಸುಡ್ತಾವಲ್ಲವ್ವಾ" ಅಂತ ಅಳಾಂವ. ನೀಲಗಂಗವ್ವ ಹಣಿ ಹಣಿ ಬಡಕೊಳ್ಳಾಕಿ. "ಅಯ್ಯ ನನ್ನ ಹಣೇಬಾರವೇ! ನಿನ್ನ ತಲಿಯೊಳಗ ಮೆದುಳ ಐತೋ, ಮಜ್ಜಿಗಿ ಐತೋ?"

ಹಿಂಗಿರಬೇಕಾದ್ರ ಕಸ್ತೂರಿ ಬಸರಾದ್ಲು. ಹಿಂದಕ ಒಮ್ಮೆ ಹೊಟ್ಟ್ಯಾಗಿನ ಕೂಸು ಉಳದಿರಲಿಲ್ಲ. ಅದಕ್ಕ ಡಾಕ್ಟರ್ ಬಾಯಾರು, "ಈ ಸಲ ಹಾಸಿಗಿ ಬಿಟ್ಟು ಏಳಬ್ಯಾಡ, ಬಸ್ ಹತ್ತಬ್ಯಾಡ, ಮನಸಿಗೆ ಹಚ್ಚಿಕೊಂಡು ಅಳಬ್ಯಾಡ" ಅಂದ್ರು. ಮಗಳಿಗೆ ತವರಿಗೆ ಬರಾಕ ಆಗಂಗಿಲ್ಲ. ತಾಯಿಗೆ ಖಾನಾವಳಿ ಒಲಿ ಆರಿಸಾಕ ಆಗಂಗಿಲ್ಲ. ಕಸ್ತೂರಿ ಮಲಕೊಂಡು ಮಲಕೊಂಡು ಮಾಳಗಿ ಜಂತಿ ನೋಡಿ ಬ್ಯಾಸತ್ತು ಹೋದ್ಲು.

ಅಕಿ ಗಂಡ ಈರಬಸಪ್ಪ ಹೆಂಡ್ತಿ ಸಂಕಟ ನೋಡಲಾರದ ಒಂದು ಆಟದ ಮಶೀನು ತಂದ. ಎರಡೂ ಕೈಯಾಗ ಹಿಡಿಯೂವಂಥಾದ್ದು. ಅದರೊಳಗ ಒಂದು ಹಳ್ಳಿ. ಹಳ್ಳಿಯೊಳಗ ಹಳ್ಳ, ಹೊಲ, ಹಣ್ಣಿನ ಗಿಡ, ಹೂವು, ಸಣ್ಣದೊಂದು ಮನಿ. ಆಡಾವ್ರ ಗೊಂಬಿ ಅದರಾಗ ಅಡ್ಡಾಡತೈತಿ. ಇನ್ನೊಬ್ಬರ ಹತ್ರ ಅಂಥಾದ್ದ ಮಶೀನು ಇದ್ರ, ನೆಟ್ ಮ್ಯಾಲ ಇವರ ಊರಿಗೆ ಅವರು ಬರಬಹುದು, ಅವರ ಊರಿಗೆ ಇವರು ಹೋಗಬಹುದು. ಊರ ಅಗಸಿ ಬಾಗಲಾ ತಗದ್ರ ಸಾಕು. ಮಾತಾಡಿದ್ದೂ ಕೇಳತೈತಿ.

"ನನ್ನ ತಮ್ಮಗೂ ಒಂದು ಕಳಸ್ರಿ" ಅಂದ್ಲು ಕಸ್ತೂರಿ. "ನನ್ನ ಕಾಲು ಇಲ್ಲೇ ಇರಲಿ, ನಾ ತವರಿಗೆ ಹೋಗಿ ಬರ್ತೀನಿ."

ಈರಬಸಪ್ಪ ಎಲ್ಲಾ ಜೋಡಿಸಿ ಕಳಸಿದ. ಮಶೀನು ಮುದ್ದೇಬಿಹಾಳಕ್ಕ ಬಂತು. ಕಸ್ತೂರಿ ಫೋನ್ ಮಾಡಿದ್ಲು.

"ದುಂಡ್ಯಾ, ಇವತ್ತ ಸಂಜಿಮುಂದ ಅಗಸಿ ತಗದಿಡೋ. ನಾ ಬರ್ತೀನಿ."

"ಹೂಂ ಅಕ್ಕಾ!"

ನೀಲಗಂಗವ್ವ ಹಿಟ್ಟಿನ ಗಿರಣಿಗೆ ಹೋಗಿದ್ಲು. ದುಂಡಪ್ಪ ವಿಚಾರ ಮಾಡಿದ. ನಮ್ಮನಿಗೆ ಅಗಸಿ ಇಲ್ಲ, ಬಾಗಲಾ ಐತಿ. ಮುಂದಿನ ಬಾಗಲಾ ತಗದ. ಅಕ್ಕ ಹಿಂದಿನ ಬಾಗಲದಾಗ ಬಂದ್ರ? ಅದನ್ನೂ ತಗದ. ಖಿಡಕಿ ತಗದ. ಗೋಡಿ ಕಪಾಟನ್ನೂ ತಗದ. ತಗದು ಹೊಸ್ತಿಲ ಮ್ಯಾಲ ಕುಂತು ದಾರಿ ನೋಡಿದ. ಅಕ್ಕ ಬರಲಿಲ್ಲ. ಓಣಿ ಆಡು ಬಂದ್ವು. ಸೀದಾ ರೊಟ್ಟಿ ಬುಟ್ಟಿಗೆ ಹೋದ್ವು.

ನೀಲಗಂಗವ್ವ ಹಿಟ್ಟು ಹೊತ್ಕೊಂಡು ಬಂದ್ಲು. "ಏನಲೇ ಇದು!"

"ಅಕ್ಕ ಬರ್ತಾಳವ್ವಾ. ಬಾಗಲಾ ತಗದೀನಿ."

"ಆಡು ರೊಟ್ಟಿ ತಿನ್ನಾಕತ್ತಾವಲ್ಲೋ!"

"ಹೌದವ್ವಾ, ಅವನ್ನ ನಾ ಕರದಿಲ್ಲ."

"ಅಯ್ಯ ನನ್ನ ಹಣೇಬಾರವೇ! ತಲಿಯೊಳಗ ಮೆದುಳ ಐತೋ, ಮಜ್ಜಿಗಿ ಐತೋ? ಸೊಲ್ಲಾಪುರದಾಗ ಮಲಕೊಂಡಾಕಿ ಇಲ್ಲಿ ನಡಕೋತ ಬರ್ತಾಳೇನು? ಅಗಸಿ ಮಶೀನಿನ್ಯಾಗ ಐತಿ! ಅದನ್ನ ತಗಿ! ತಗದು, ಬಂದವರಿಗೆ 'ಬರ್ರಿ, ಕೂಡ್ರಿ, ನಿಮ್ಮದ ಮನಿ ಅಂತ ತಿಳೀರಿ, ಬೇಕಾದ್ದು ತಗೋರಿ' ಅನ್ನು. ಮನುಷ್ಯಾರ ರೀತಿ ಅದು!"

"ಹೂಂನವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಮರುದಿನ ದುಂಡಪ್ಪ ಮಶೀನಿನ್ಯಾಗ ಅಗಸಿ ತಗೀಲಿಕ್ಕೆ ಹೋದ. ಮಶೀನು ಕೇಳ್ತು, "ಯಾರಿಗೆ ತಗೀಲಿ? ಗುರುತಿನವರಿಗೋ, ಎಲ್ಲಾರಿಗೋ?" ಅವ್ವ 'ಬಂದವರಿಗೆ' ಅಂದಾಳ, ಗುರುತು ಗಿರುತು ಅಂದಿಲ್ಲ. ದುಂಡಪ್ಪ ಎಲ್ಲಾರಿಗೂ ತಗದ.

ಬಂದ್ರು ನೋಡ್ರಿ! ಕಪ್ಪಿ ಮಾರಿ ಟೋಪಿ ಹಾಕ್ಕೊಂಡ ಗೊಂಬಿ ಬಂತು. ನೀಲಿ ಕೂದಲದ್ದು ಬಂತು. ಯಾವ ಊರಿನವೋ, ಯಾವ ದೇಶದವೋ.

"ಬರ್ರಿ, ಕೂಡ್ರಿ! ನಿಮ್ಮದ ಮನಿ ಅಂತ ತಿಳೀರಿ! ಬೇಕಾದ್ದು ತಗೋರಿ!"

ತಗೊಂಡ್ರು. ಹಣ್ಣು ತಗೊಂಡ್ರು, ಹೂ ತಗೊಂಡ್ರು, ಮನಿ ಮುಂದಿನ ಕುರ್ಚಿ ತಗೊಂಡ್ರು. ದುಂಡಪ್ಪ ಹಿಂದ ಹಿಂದ ಓಡ್ಯಾಡಿ, "ಅದೂ ತಗೋರಿ, ಸಂಕೋಚ ಬ್ಯಾಡ್ರಿ" ಅಂದ.

ಎಲ್ಲಾರೂ ಹೋದ ಮ್ಯಾಲ ಹಳದಿ ಸೀರಿ ಗೊಂಬಿ ಬಂತು. ಅದು ಕಸ್ತೂರಿ. ಬಂದು ಅತ್ತಾಗ ನೋಡ್ತು, ಇತ್ತಾಗ ನೋಡ್ತು.

"ದುಂಡ್ಯಾ, ನಾ ಮುಂಜಾನಿ ಆಟದ ಟಪಾಲಿನಾಗ ಕಳಸಿದ ಸೇವಂತಿಗಿ ಎಲ್ಲಿ?"

"ಕಪ್ಪಿ ಟೋಪಿಯವರು ಒಯ್ದ್ರಕ್ಕಾ."

"ಪೇರಲ ಗಿಡ?"

"ನೀಲಿ ಕೂದಲದವರು ಬೇರು ಸುದ್ದಾ ಕಿತ್ಗೊಂಡು ಹೋದ್ರು. ನಾನ ಕಿತ್ತು ಕೊಟ್ಟೆ."

ಕಸ್ತೂರಿ, "ಇರಲಿ ಬಿಡು" ಅಂದ್ಲು. ಅನ್ನೂದೇನೋ ಅಂದ್ಲು, ದನಿ ಕೆಳಗ ಬಿದ್ದಿತ್ತು. ಒಲಿ ಮುಂದ ಕುಂತ ನೀಲಗಂಗವ್ವಗ ಆ ದನಿ ಕೇಳಿಸ್ತು. ಎದ್ದು ಬಂದ್ಲು, ಕೈಯಾಗಿನ ಹಿಟ್ಟು ಹಣಿಗೆ ಹತ್ತೂವಂಗ ಬಡಕೊಂಡ್ಲು.

"ತಲಿಯೊಳಗ ಮೆದುಳ ಐತೋ, ಮಜ್ಜಿಗಿ ಐತೋ? ಗುರುತಿಲ್ಲದವರಿಗೆ ಬಾಗಲಾ ತಗೀತಾರೇನಲೇ? ಕಸ್ತೂರೀ, ಇದಕ್ಕೇನರ ಬಂದೋಬಸ್ತ್ ಐತೇನು?"

"ಐತವ್ವಾ" ಅಂದ್ಲು ಕಸ್ತೂರಿ. "ಗುಟ್ಟಿನ ಅಕ್ಷರ ಅಂತ ಮಶೀನು ಕೊಡತೈತಿ. ಅವನ್ನ ಹೇಳಿದವರಷ್ಟ ಒಳಗ ಬರಬೇಕು."

"ಕೇಳಿದಿಲ್ಲೋ? ಗುಟ್ಟಿನ ಅಕ್ಷರ ಕೇಳು! ಹೇಳಲಿಲ್ಲ, ಬಾಗಲಾ ಹಾಕು!"

"ಯಾರ ಬಂದ್ರೂ?"

"ಯಾರ ಬಂದ್ರೂ!"

"ಹೂಂನವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಮರುದಿನ ಮಧ್ಯಾಹ್ನ. ಊಟದ ಹೊತ್ತು. ನೀಲಗಂಗವ್ವ ಒಳಗ ರೊಟ್ಟಿ ಬಡಿಯಾಕತ್ತಿದ್ಲು. ದುಂಡಪ್ಪ ಖಾನಾವಳಿ ಬಾಗಲದಾಗ ಅಡ್ಡ ನಿಂತಿದ್ದ. ಬಸ್ ಕಂಡಕ್ಟರ್ ಹಸಕೊಂಡು ಬಂದ.

"ಗುಟ್ಟಿನ ಅಕ್ಷರ ಹೇಳ್ರಿ."

"ಏನು? ಇವತ್ತಿನ ಪಲ್ಯಾನೋ? ಝುಣಕಾ!"

"ಅದಲ್ಲ."

"ಎಣ್ಣಿಗಾಯಿ?"

"ಅದೂ ಅಲ್ಲ."

"ಪುಂಡಿಪಲ್ಯಾ! ಶೇಂಗಾ ಚಟ್ನಿ! ಮೊಸರು! ಲೇ ತಮ್ಮಾ, ಬಸ್ ಬಿಡೂ ಹೊತ್ತಾತೋ!"

"ಯಾವುದೂ ಅಲ್ರಿ."

ಕಂಡಕ್ಟರ್ ಹೋದ. ಅವನ ಹಿಂದ ಡ್ರೈವರ್ ಹೋದ. ಬಂದವರೆಲ್ಲಾ ಬಾಗಲದಾಗ ನಿಂತು ಬಾಯಿಗೆ ಬಂದ ಪಲ್ಯಾದ ಹೆಸರು ಹೇಳಿದ್ರು, ಯಾರದೂ ಕೂಡಲಿಲ್ಲ. ಎಲ್ಲಾರೂ ಎದುರಿಗಿನ ಖಾನಾವಳಿಗೆ ಹೋದ್ರು.

ಆಮ್ಯಾಲ ಬಂದಾಂವ ಯಾರು ಅಂತೀರಿ? ಬಿಳೇ ಅಂಗಿ, ಕೈಯಾಗ ಪೇಢೆ ಡಬ್ಬಿ. ಕಸ್ತೂರಿ ಗಂಡ ಈರಬಸಪ್ಪ! ಹೆಂಡ್ತಿ ಮಾರಿ ಸಣ್ಣ ಆಗಿದ್ದು ನೋಡಿ, ನಾಕು ದಿನ ಅತ್ತಿನ್ನ ಸೊಲ್ಲಾಪುರಕ್ಕ ಕರಕೊಂಡು ಹೋಗಬೇಕಂತ ಬಸ್ ಹತ್ತಿ ಬಂದಿದ್ದ.

"ದುಂಡಪ್ಪಾ, ಚೊಲೋ ಇದ್ದೀಯೋ?"

"ಗುಟ್ಟಿನ ಅಕ್ಷರ ಹೇಳ್ರಿ ಮಾಮಾ."

"ಏನು ಅಕ್ಷರೋ? ನಿಮ್ಮಕ್ಕನ ಗಂಡ ಅದೀನಿ!"

"ಅದು ಅಕ್ಷರ ಅಲ್ರಿ ಮಾಮಾ."

"ಒಳಗ ಬಿಡೋ!"

"ಯಾರ ಬಂದ್ರೂ ಬಿಡಬ್ಯಾಡ ಅಂದಾಳ ಅವ್ವ."

ಅಷ್ಟಂದು ದುಂಡಪ್ಪ ಬಾಗಲಾ ಹಾಕಿದ. ಚಿಲಕಾನೂ ಹಾಕಿದ. ಈರಬಸಪ್ಪ ಪೇಢೆ ಡಬ್ಬಿ ಹಿಡಕೊಂಡು ಬಿಸಲಾಗ ನಿಂತ. ನಿಂತು ನಿಂತು ಮಾರಿ ಕೆಂಪಾತು. ತಿರುಗಿ ಬಸ್ ಹತ್ತಿದ.

ಒಳಗ ರೊಟ್ಟಿ ಆರಾಕತ್ತಿದ್ವು. ನೀಲಗಂಗವ್ವ ಹೊರಗ ಬಂದ್ಲು. "ಯಾಕಲೇ, ಒಬ್ಬರೂ ಬರವಲ್ರು?"

"ಯಾರಿಗೂ ಅಕ್ಷರ ಬರಲಿಲ್ಲವ್ವಾ. ಮಾಮಾಗೂ ಬರಲಿಲ್ಲ."

"ಯಾವ ಮಾಮಾ?"

"ನಮ್ಮ ಈರಬಸಪ್ಪ ಮಾಮಾ."

ನೀಲಗಂಗವ್ವ ಹಿಟ್ಟಿನ ಕೈಲೇ ಬಸ್ ಸ್ಟ್ಯಾಂಡಿಗೆ ಓಡಿದ್ಲು. ಬಸ್ ಇರಲಿಲ್ಲ, ಬಸ್ಸಿನ ಧೂಳ ಇತ್ತು. ತಿರುಗಿ ಬಂದು ಕಟ್ಟಿ ಮ್ಯಾಲ ಕುಂತ್ಲು. ಈ ಸಲ ಹಣಿ ಬಡಕೊಳ್ಳಾಕೂ ಕೈ ಏಳಲಿಲ್ಲ.

"ಅಳಿಯನ್ನ ಬಾಗಲದಾಗಿಂದ ಕಳಸಿದೆಲ್ಲೋ! ಇನ್ನ ನನ್ನ ಮಗಳು ಗಂಡನ ಮನ್ಯಾಗ ಹೆಂಗ ತಲಿ ಎತ್ತಬೇಕು? ಮನಿಗೆ ಬಂದವರನ್ನ ಹಂಗ ಕಳಸ್ತಾರೇನು? 'ಉಂಡು ಹೋಗ್ರಿ' ಅಂತ ಅಡ್ಡ ಹಾಕಬೇಕು! ಉಣ್ಣದ ಒಂದು ಹೆಜ್ಜಿ ಹೋಗಗೊಡಬಾರದು!"

"ಒಂದು ಹೆಜ್ಜಿನೂ?"

"ಒಂದು ಹೆಜ್ಜಿನೂ!"

"ಹೂಂನವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಸೊಲ್ಲಾಪುರದಾಗ ಈರಬಸಪ್ಪ ಮಾತು ಬಿಟ್ಟ. "ನಿಮ್ಮೂರಿನ ಕಡೆ ಇನ್ನ ನಾ ಮಾರಿ ಹಾಕಂಗಿಲ್ಲ" ಅಂದ. ಕಸ್ತೂರಿಗೆ ಅತ್ಲಾಗ ಗಂಡ, ಇತ್ಲಾಗ ತವರು. ಯಾರ್ನ ಬಿಡಬೇಕು? ಆದ್ರೂ ಸಂಜಿಗೆ ಹಳದಿ ಸೀರಿ ಗೊಂಬಿ ತಮ್ಮನ ಊರಿಗೆ ಬಂತು. ಗುಟ್ಟಿನ ಅಕ್ಷರ ಹೇಳೇ ಬಂತು. ಬೋಳ ಆದ ನೆಲದಾಗ ಸಸಿ ಹಚ್ಚಿದ್ಲು. ಹೂವಿನ ಬೀಜ ಹಾಕಿದ್ಲು. ಒಂದು ಮಾವಿನ ಗಿಡದ ಬುಡಕ್ಕ ಸಣ್ಣದೊಂದು ತೊಟ್ಟಲಾ ಇಟ್ಟು, ಸುತ್ತಲೂ ಬೇಲಿ ಕಟ್ಟಿದ್ಲು. ನೀಲಗಂಗವ್ವ ಮಗನ ಹೆಗಲ ಮ್ಯಾಲಿಂದ ಬಗ್ಗಿ ನೋಡಿದ್ಲು. ಗೊಂಬಿ ಓಡ್ಯಾಡೂದು ಕಂಡು, "ಕೂಡು ನನ್ನವ್ವಾ, ಎಷ್ಟ್ ದುಡೀತಿ, ದಣೀತಿ" ಅಂದ್ಲು. ಕಸ್ತೂರಿ ನಕ್ಕ್ಲು. ನೀಲಗಂಗವ್ವ ಸೆರಗಿಲೆ ಕಣ್ಣು ಒರಸಿಕೊಂಡು ಒಳಗ ಹೋದ್ಲು.

"ದುಂಡ್ಯಾ, ಗುಳಿಗಿ ತಗೊಳ್ಳೂ ಹೊತ್ತಾತು. ನಾ ಬರ್ತೀನಿ."

"ಉಂಡು ಹೋಗಕ್ಕಾ."

"ಇಲ್ಲೇನ ಉಣ್ಣೂದೋ? ಗೊಂಬಿ ಉಣ್ಣಂಗಿಲ್ಲ."

"ಉಣ್ಣದ ಒಂದು ಹೆಜ್ಜಿ ಹೋಗಗೊಡಂಗಿಲ್ಲ."

ದುಂಡಪ್ಪ ಆಟದಾಗ ಸಲಿಕಿ ತಗೊಂಡ. ಅಕ್ಕನ ಗೊಂಬಿ ಮುಂದ ಒಂದು ತೆಗ್ಗ ತೋಡಿದ. ಹಿಂದ ಒಂದು ತೋಡಿದ. ಎಡಕ್ಕೊಂದು, ಬಲಕ್ಕೊಂದು. ಹಳದಿ ಸೀರಿ ಗೊಂಬಿ ನಡುವ ನಿಂತು ಗಿರಿ ಗಿರಿ ತಿರಗ್ತು. ಅಗಸಿ ದಾಟದ ಆ ಊರು ಬಿಡಾಕ ಬರಂಗಿಲ್ಲ.

"ಬಿಡೋ ದುಂಡ್ಯಾ!"

"ಉಂಡು ಹೋಗು."

"ಗುಳಿಗಿ ಹೊತ್ತು ಮೀರಾಕತ್ತೈತೋ!"

ದುಂಡಪ್ಪ ಒಳಗ ಓಡಿ ರೊಟ್ಟಿ, ಪುಂಡಿಪಲ್ಯಾ ತಂದು ಮಶೀನಿನ ಗಾಜಿಗೆ ಹಿಡಿದ. "ಒಂದು ತುತ್ತು ಉಣ್ಣಕ್ಕಾ." ಗಾಜಿಗೆಲ್ಲಾ ಪಲ್ಯಾ. ಕಸ್ತೂರಿ ಬೇಡಿದ್ಲು, ಬೈದ್ಲು, ಕಡೀಕ ದಾರಿ ಕಾಣದ ತನ್ನ ಮನಿ ನೆಟ್ ಕಿತ್ತುಬಿಟ್ಲು. ಕೂಡ್ಲೇ ಮಶೀನಿನ ಮ್ಯಾಲ ಅಕ್ಷರ ಮೂಡಿದ್ವು: "ಸಂಪರ್ಕ ಕಡೀತು. ಸೇವ್ ಆಗದ್ದು ಉಳಿಯೂದಿಲ್ಲ." ಸಸಿ ಹೋದ್ವು. ಬೀಜ ಹೋದ್ವು. ತೊಟ್ಟಲಾ ಹೋತು.

ಫೋನಿನಾಗ ಕಸ್ತೂರಿ ಅಳಾಕತ್ತಿದ್ಲು. "ಅವ್ವಾ, ನಾ ಏನು ಮಾಡಿದ್ರೂ ಉಳಿಯವಲ್ದು."

ಮಗಳು ಗಿಡದ ಮಾತು ಆಡಾಕತ್ತಿಲ್ಲ ಅಂತ ನೀಲಗಂಗವ್ವಗ ತಿಳೀತು. "ಅಳಬ್ಯಾಡ ನನ್ನವ್ವಾ, ಉಳೀತೈತಿ. ಈ ಸಲ ಉಳೀತೈತಿ" ಅಂದ್ಲು. ದುಂಡಪ್ಪನೂ ಅತ್ತ. ಯಾಕಂತ ಗೊತ್ತಿರಲಿಲ್ಲ. ಅಕ್ಕ ಅತ್ಲು, ಅವ್ವ ಅತ್ಲು, ಅದಕ್ಕ ಅತ್ತ.

ಕಡೀಕ ಕಸ್ತೂರಿ ಮೂಗು ಒರಸಿಕೊಂಡು ಹೇಳಿದ್ಲು, "ದುಂಡ್ಯಾ, ನಾಳೆ ಮತ್ತ ಬಂದು ಹಚ್ಚತೀನಿ. ನಾ ಹೋದ ಕೂಡ್ಲೇ ನೀ ಸೇವ್ ಮಾಡು. ಬ್ಯಾರೇ ಏನೂ ಮಾಡಬ್ಯಾಡ."

"ಕೇಳಿದಿಲ್ಲೋ?" ಅಂದ್ಲು ನೀಲಗಂಗವ್ವ. "ಮೆದುಳ ಇರಲಿ, ಮಜ್ಜಿಗಿ ಇರಲಿ, ಇಷ್ಟು ನೆನಪಿಡು! ಅಕ್ಕ ಹೋದ ಕೂಡ್ಲೇ ಸೇವ್ ಮಾಡು!"

"ಎಷ್ಟು ಮಾಡಲವ್ವಾ?"

"ಎಷ್ಟಂತ ಕೇಳ್ತಾನ ನೋಡು! ಪೂರ್ತಿ ಮಾಡು!"

"ಹೂಂನವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಮರುದಿನ ಕಸ್ತೂರಿ ಬಂದ್ಲು. ಮತ್ತ ಸಸಿ ಹಚ್ಚಿದ್ಲು, ಮತ್ತ ಬೀಜ ಹಾಕಿದ್ಲು, ಮತ್ತ ತೊಟ್ಟಲಾ ಇಟ್ಟ್ಲು. "ಬರ್ತೀನೋ, ಸೇವ್ ಮಾಡು" ಅಂದು ಹೋದ್ಲು. ದುಂಡಪ್ಪ ಮಶೀನು ಕಟ್ಟಿ ಮ್ಯಾಲ ಇಟ್ಟು, ಅಡಗಿ ಮನಿಗೆ ನಡದ. ಕಡ್ಲಿ ಹಿಟ್ಟಿನ ಡಬ್ಬಿ ತಗದ. ಖಾರಪುಡಿ ಹಾಕಿದ, ಅಜವಾನ ಹಾಕಿದ, ನಾದಿದ. ಎಣ್ಣಿ ಕಾಸಿದ. ಒತ್ತೂ ಮಣಿಯಾಗ ಹಿಟ್ಟು ತುಂಬಿ ಗರ ಗರ ತಿರುವಿದ.

ಹೊರಗ ಮಶೀನು ಟಿಣ್ ಅಂತು, "ಬ್ಯಾಟರಿ ಕಮ್ಮಿ ಆಗೈತಿ." ಒಳಗ ಎಣ್ಣಿ ಚುರ್ ಅಂತು. ಮಶೀನು ಮತ್ತ ಟಿಣ್ ಅಂತು. ಎಣ್ಣಿ ಮತ್ತ ಚುರ್ ಅಂತು. ಮಶೀನು ಕಣ್ಣು ಮುಚ್ಚಿತು.

ನೀಲಗಂಗವ್ವ ಬಾಜಾರದಿಂದ ಬಂದು ನೋಡ್ತಾಳ, ಪರಾತದಾಗ ಗುಡ್ಡದಷ್ಟು ಶೇವು!

"ಏನಲೇ ಇದು!"

"ಸೇವ್ ಮಾಡೀನವ್ವಾ. ಪೂರ್ತಿ ಮಾಡೀನಿ. ಹಿಟ್ಟ ಉಳದಿಲ್ಲ."

ನೀಲಗಂಗವ್ವ ಪರಾತದ ಮುಂದ ಕುಸದು ಕುಂತ್ಲು. ಬೈಯಬೇಕಂತ ಬಾಯಿ ತಗದ್ಲು. ಏನೂ ತಿಳೀದ ನಾಕು ಎಳಿ ಶೇವು ಬಾಯಾಗ ಹಾಕ್ಕೊಂಡ್ಲು. "ಉಪ್ಪು ಕಮ್ಮಿ ಆಗೈತಿ" ಅಂದ್ಲು. ಅಂದು ಅಳಾಕ ಸುರು ಮಾಡಿದ್ಲು. ಮಗಳಿಗೆ ಯಾವ ಬಾಯಿಲೆ ಹೇಳೂದು? ಫೋನ್ ಹಚ್ಚಿದ್ಲು.

"ಕಸ್ತೂರೀ, ಮನಸಿಗೆ ಹಚ್ಚಿಕೋಬ್ಯಾಡವ್ವಾ. ನಿನ್ನ ತಮ್ಮ ಸೇವ್ ಮಾಡಿದ."

"ಚೊಲೋ ಆತಲ್ಲವ್ವಾ!"

"ಮಶೀನಿನ್ಯಾಗ ಅಲ್ಲ. ಎಣ್ಣ್ಯಾಗ."

ನೀಲಗಂಗವ್ವ ಫೋನು ಕಿವಿಗೆ ಒತ್ತಿಕೊಂಡ್ಲು, ದುಂಡಪ್ಪನೂ ಕಿವಿ ಹಚ್ಚಿದ. ಆಮ್ಯಾಲ ಕಸ್ತೂರಿ ಸಣ್ಣಗ ಕೇಳಿದ್ಲು, "ಖಾರದ್ದೋ, ಸಪ್ಪಂದೋ?"

"ಖಾರದ್ದಕ್ಕಾ!" ಅಂತ ಒದರಿದ ದುಂಡಪ್ಪ.

ಕಸ್ತೂರಿ ನಕ್ಕ್ಲು. ಹೊಟ್ಟಿ ಹಿಡಕೊಂಡು ನಕ್ಕ್ಲು. ಬಾಜೂಕ ಮಾತು ಬಿಟ್ಟು ಕುಂತಿದ್ದ ಈರಬಸಪ್ಪ, "ಏನಾತು, ಏನಾತು?" ಅಂತ ಮಾತು ಹಿಡಿದ. ಹೇಳಿದ್ಲು. ಆಂವನೂ ನಕ್ಕ. "ನಂಗ ಆ ಶೇವು ಬೇಕ್ರಿ" ಅಂದ್ಲು ಕಸ್ತೂರಿ. ಬಸುರಿ ಬಯಕಿ, ಇಲ್ಲ ಅನ್ನಾಕ ಬರತೈತೇನು? ಈರಬಸಪ್ಪ ಮರುದಿನ ಮತ್ತ ಮುದ್ದೇಬಿಹಾಳದ ಬಸ್ ಹತ್ತಿದ. ಈ ಸಲ ಬಾಗಲದಾಗ ನೀಲಗಂಗವ್ವ ತಾನ ನಿಂತಿದ್ಲು. ಅಳಿಯಗ ಕಾಲಿಗೆ ನೀರು ಕೊಟ್ಟು, ಉಣ್ಣಿಸಿ, ಶೇವಿನ ಡಬ್ಬಿ ಕಟ್ಟಿ ಕಳಸಿದ್ಲು.

ಕಳಸಿ ಬಂದು ಮಗನ ಎದುರಿಗೆ ಕುಂತ್ಲು. "ನೋಡು ದುಂಡ್ಯಾ. ಇನ್ನ ಮುಂದ ನಿನ್ನ ವಿಚಾರ ಬ್ಯಾಡ, ನನ್ನ ವಿಚಾರಾನೂ ಬ್ಯಾಡ. ಯಾರ ವಸ್ತು ಐತಿ, ಅವರನ್ನ ಕೇಳು. ಅವರು ಬಾಯಿಬಿಟ್ಟು ಏನು ಹೇಳ್ತಾರ, ಅದನ್ನ ಅಕ್ಷರ ಬಿಡದ ಮಾಡು."

"ಹೂಂನವ್ವಾ. ಇನ್ನ ಮುಂದ ಹಂಗ ಮಾಡ್ತೀನಿ."

ಹೇಳಿದ್ಹಂಗ ಇದ್ದ. ಗಿಡ ಹಚ್ಚಾಕ ಅಕ್ಕನ್ನ ಕೇಳಿದ, ನೀರು ಹಾಕಾಕ ಅಕ್ಕನ್ನ ಕೇಳಿದ, ಸೇವ್ ಮಾಡಾಕ ಯಾವ ಗುಂಡಿ ಒತ್ತಬೇಕಂತ ಅಕ್ಕನ್ನ ಕೇಳಿ ಒತ್ತಿದ. ಊರು ಹಸರಾತು. ತಿಂಗಳು ತುಂಬಿದ್ವು. ಸೊಲ್ಲಾಪುರದ ದವಾಖಾನ್ಯಾಗ ಕಸ್ತೂರಿ ಗಂಡು ಕೂಸು ಹಡದ್ಲು. ಗಟ್ಟಿಮುಟ್ಟಾದ ಕೂಸು! ನೀಲಗಂಗವ್ವ ಖಾನಾವಳಿ ಒಲಿ ಆರಿಸಿ, ಕೀಲಿ ಹಾಕಿ, ಮಶೀನು ಬಗಲಾಗ ಹಿಡಕೊಂಡ ಮಗನ್ನ ಕರಕೊಂಡು ಓಡಿ ಬಂದ್ಲು. ಮೊಮ್ಮಗನ್ನ ಎತ್ಕೊಂಡು ನೋಡೇ ನೋಡಿದ್ಲು.

ಕೂಸಿಗೆ ಶಾಂತವೀರ ಅಂತ ಹೆಸರು ಇಡೂದಂತ ಎಲ್ಲಾರೂ ಕೂಡಿ ಠರಾವು ಮಾಡಿದ್ರು. ದುಂಡಪ್ಪ ಆವಾಗ ಚಾ ತರಾಕ ಹೋಗಿದ್ದ.

ಆಂವ ಬಂದ ಮ್ಯಾಲ ಕಸ್ತೂರಿ ಕರದ್ಲು. "ದುಂಡ್ಯಾ, ಈ ಆಟ ಆಡೂ ನಂಟರ ಹುಡುಗೂರು ಸಂಜಿಗೆ ನಿನ್ನ ಊರಿಗೆ ಬರ್ತಾರ, ಕೂಸಿನ ಹೆಸರಿನ ಸಂಭ್ರಮಕ್ಕ. ಕೂಸಿನ ಹೆಸರಿಲೆ ಒಂದು ಹೊಸ ಮನಿ ಬರಸು. ಅಗಸಿ ಮ್ಯಾಲಿನ ಹಲಗಿಗೂ ಅದ ಹೆಸರು ಬರತೈತಿ. ಹುಷಾರೋ, ಒಮ್ಮೆ ಬರದ್ರ ಎಂದೂ ಬದಲಾಗಂಗಿಲ್ಲ." ಅಷ್ಟು ಹೇಳಿ ಅಕಿ ಕಣ್ಣು ಮುಚ್ಚಿದ್ಲು. ನೀಲಗಂಗವ್ವ ಬಿಸಿನೀರು ತರಾಕ ಹೋಗಿದ್ಲು.

ಮಶೀನು ಕೇಳ್ತು, "ಹೊಸಬರ ಹೆಸರು ಏನು?"

ದುಂಡಪ್ಪ ತಲಿ ಕೆರಕೊಂಡ. ಹೆಸರು ಯಾರ ವಸ್ತು? ಕೂಸಿಂದು. ಮತ್ತ ಯಾರನ್ನ ಕೇಳಬೇಕು? ಹಾಸಿಗಿ ಮ್ಯಾಲ ಬಗ್ಗಿದ.

"ನಾ ನಿಮ್ಮ ಮಾಮಾ ಅದೀನಪ್ಪಾ. ನಿನ್ನ ಹೆಸರೇನು?"

ಕೂಸು ಬಾಯಿ ತಗದು ಅಂತು, "ಊಂವ್ಯಾ!"

ದುಂಡಪ್ಪ ಅಕ್ಷರ ಬಿಡದ ಒತ್ತಿದ. ಮಶೀನು ಕೇಳ್ತು, "ಖಾತ್ರಿ ಐತೇನು?"

"ಖಾತ್ರಿ ಐತೇನಪ್ಪಾ?"

"ಊಂವ್ಯಾ! ಊಂವ್ಯಾ!"

"ಎರಡೆರಡು ಸಲ ಹೇಳ್ತಾನ, ಖಾತ್ರೀನ ಐತಿ" ಅಂದು ಗುಂಡಿ ಒತ್ತಿದ. ಸೇವ್ ಸುದ್ದಾ ಮಾಡಿದ.

ಸಂಜಿಗೆ ಅಗಸಿ ತಗದ. ವಿಜಯಪುರದಿಂದ ಒಂದು ಗೊಂಬಿ ಬಂತು, ಪುಣೆದಿಂದ ಎರಡು ಬಂದ್ವು, ಹುಬ್ಬಳ್ಳಿಂದ ಹಿಂಡ ಬಂತು. ಒಂದೊಂದು ಗೊಂಬಿ ಒಳಗ ಬಂದಂಗ ಮಶೀನು ತುತ್ತೂರಿ ಊದಿ ಒದರ್ತು, "ಊಂವ್ಯಾ ಅವರ ಊರಿಗೆ ಸ್ವಾಗತ!"

ಕಸ್ತೂರಿ 'ಹಾಂ!' ಅಂತ ಎಚ್ಚರಾದ್ಲು. ಈರಬಸಪ್ಪ ಚಾ ಕಪ್ಪು ಕೆಳಗಿಟ್ಟ. ನೀಲಗಂಗವ್ವ ಮಶೀನು ಕಸಕೊಂಡು ನೋಡಿದ್ಲು. ಅಗಸಿ ಮ್ಯಾಲ ದೊಡ್ಡ ಹಲಗಿ, ಹಲಗಿ ಮ್ಯಾಲ ಬಂಗಾರದ ಅಕ್ಷರ: ಊಂವ್ಯಾ.

"ಏನಲೇ ಬರದಿ ಇದು! ಕೂಸಿನ ಹೆಸರು ಶಾಂತವೀರ ಅಲ್ಲೇನೋ! ಮುಂಜಾನೆನ ಎಲ್ಲಾರೂ ಕೂಡಿ ಠರಾಯಿಸೀವಿ!"

ದುಂಡಪ್ಪ ಅವ್ವನ್ನ ನೋಡಿದ. ಅಕ್ಕನ್ನ ನೋಡಿದ. ಕೂಸಿನ್ನ ನೋಡಿದ. ಏನೂ ತಿಳೀಲಿಲ್ಲ. ಕೂಸಿಗೆ ಕೇಳಿಸಬಾರದಂತ ಅವ್ವನ ಕಿವಿ ಹತ್ರ ಬಗ್ಗಿ ಪಿಸುಗುಟ್ಟಿದ:

"ಹೌದವ್ವಾ? ಮತ್ತ ಅದನ್ನ ಅವಂಗ ಯಾರರ ಹೇಳೀರೇನು?"